ಶಾಂತತ್ತಿ ನಕ್ಕ ಪಿಚ್ಚರು

‘ಪಿಚ್ಚರ್ ಹೆಂಗಿತ್ತು?’ ಎಂದು ಯಾರು ಕೇಳಿದರೂ ನಾನು ‘ನೀವೇ ಹೋಗಿ ನೋಡ್ರಿ’ ಎಂದು ಜಾರಿಕೊಳ್ಳುತ್ತೇನೆ. ಮನೆಯವರಿಗೆ ಇದು ನನ್ನ ಕೊಬ್ಬಿನಂತೆ ಕಾಣುತ್ತದೆ. ಅಭಿಪ್ರಾಯ ಇಲ್ಲ ಅಂತಲ್ಲ. ಹೋದ ತಿಂಗಳು ದಿಲ್‌ಸುಖ್‌ನಗರದಲ್ಲಿ ಮಗಳ ಜೊತೆ ಎರಡು ಸಿನಿಮಾ ನೋಡಿದೆ. ಒಂದರಲ್ಲಿ ನಾಯಕ ನಲವತ್ತು ಜನರನ್ನು ಹೊಡೆದು ಹಾಕಿದರೂ ಅವನ ಕ್ರಾಪು ಕದಲಲಿಲ್ಲ. ಇನ್ನೊಂದರಲ್ಲಿ ನಾಯಕಿ ಮೊದಲಿನಿಂದ ಕೊನೆಯವರೆಗೆ ಅತ್ತಳು, ಆದರೆ ಒಂದು ಸಲವೂ ಊಟಕ್ಕೆ ಕೂತದ್ದು ಕಾಣಲಿಲ್ಲ. ಹಸಿವೇ ಆಗದವಳ ದುಃಖವನ್ನು ನಾನು ಹೇಗೆ ನಂಬಲಿ? ಹೀಗೆ ಹೊಟ್ಟೆ ತುಂಬ ಮಾತಿದ್ದರೂ ಬಾಯಿಯಿಂದ ಹೊರಗೆ ಬರುವುದಿಲ್ಲ. ಎಂಟನೇ ವಯಸ್ಸಿನಲ್ಲಿ ನಾನು ಒಂದು ಸಿನಿಮಾದ ಬಗ್ಗೆ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನಮ್ಮ ಮನೆಯ ಒಬ್ಬ ಹೆಂಗಸು ತನ್ನ ಇಡೀ ಬದುಕಿನ ಲೆಕ್ಕ ಹಾಕಿಕೊಂಡಳು. ಅಂದಿನಿಂದ ನನ್ನ ಅಭಿಪ್ರಾಯಕ್ಕೆ ನಾನೇ ಹೆದರುತ್ತೇನೆ.

ನಾವಿದ್ದದ್ದು ಉಪ್ಪಲ್ ಕಡೆಯ ಒಂದು ಕ್ವಾರ್ಟರ್ಸಿನಲ್ಲಿ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನಾಲ್ಕು ಮನೆಗೆ ಸೇರಿ ಒಂದು ನಲ್ಲಿ. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ಮಂಚದ ಕೆಳಗೆ ಆಯಿಯ ಜೋಳದ ಡಬ್ಬಿಗಳು. ಆಯಿ ಅಂದರೆ ಅಪ್ಪನ ತಾಯಿ. ವಿಜಾಪುರದ ಕಡೆಯಿಂದ ಬರುವಾಗ ಅವಳು ಜೋಳ, ಬೀಸುವ ಕಲ್ಲು ಮತ್ತು ತನ್ನ ಭಾಷೆ ಮೂರನ್ನೂ ಹೊತ್ತು ತಂದಿದ್ದಳು. ಮೂರರಲ್ಲಿ ಯಾವುದನ್ನೂ ಬಿಡಲು ತಯಾರಿರಲಿಲ್ಲ. ಹೊಸ್ತಿಲ ಆಚೆ ತೆಲುಗು, ಬಸ್ಸಿನಲ್ಲಿ ಹಿಂದಿ, ಒಳಗೆ ಕನ್ನಡ. ನಾನು ಚಪ್ಪಲಿ ಬಿಟ್ಟ ಕೂಡಲೇ ಭಾಷೆಯನ್ನೂ ಬದಲಿಸಬೇಕಿತ್ತು. ಮರೆತು ತೆಲುಗಿನಲ್ಲಿ ನೀರು ಕೇಳಿದರೆ ಆಯಿಗೆ ಕಿವಿಯೇ ಕೇಳುತ್ತಿರಲಿಲ್ಲ. ಅವ್ವನಿಗೆ ತರಕಾರಿ ಕೊಳ್ಳುವಷ್ಟು ತೆಲುಗು ಬರುತ್ತಿತ್ತು. ತೆರೆಯ ಮೇಲೆ ಇಬ್ಬರು ಜಗಳಾಡಲು ಹತ್ತಿದರೆ ಅದು ಸಾಲುತ್ತಿರಲಿಲ್ಲ.

ಇದರಿಂದಲೇ ನಮ್ಮ ಮನೆಯಲ್ಲಿ ‘ರಿಪೋರ್ಟು’ ಎಂಬ ಪದ್ಧತಿ ಹುಟ್ಟಿತು. ಭಾನುವಾರ ಮಧ್ಯಾಹ್ನ ಅಪ್ಪ ನನ್ನನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗುತ್ತಿದ್ದ. ಅಪ್ಪನಿಗೆ ಸಿನಿಮಾ ಬೇಕಿರಲಿಲ್ಲ, ಕತ್ತಲೆ ಮತ್ತು ಫ್ಯಾನು ಬೇಕಿತ್ತು. ವಾರವೆಲ್ಲ ಮಷೀನಿನ ಗದ್ದಲದಲ್ಲಿ ನಿಂತವನಿಗೆ ಥಿಯೇಟರಿನ ಗದ್ದಲ ಜೋಗುಳವಾಗಿತ್ತು. ಹೆಸರುಗಳು ಮುಗಿಯುವುದರೊಳಗೆ ಗೊರಕೆ ಶುರುವಾದರೆ ‘ಶುಭಂ’ ಬಂದಾಗಲೇ ನಿಲ್ಲುತ್ತಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಸಿನಿಮಾ ನೋಡಿದವಳು ಅಂದರೆ ನಾನೊಬ್ಬಳೇ. ತಿರುಗಿ ಬಂದ ಮೇಲೆ ಕೈಕಾಲು ತೊಳೆದು ಅಡುಗೆಮನೆಯ ಮಣೆಯ ಮೇಲೆ ಕೂತು ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳಬೇಕು. ಅವ್ವ ರೊಟ್ಟಿ ಬಡಿಯುತ್ತ, ಆಯಿ ಬೆಳ್ಳುಳ್ಳಿ ಸುಲಿಯುತ್ತ, ಶಾಂತತ್ತಿ ಒಲೆಯ ಮುಂದೆ ರೊಟ್ಟಿ ಸುಡುತ್ತ ಕೇಳುವವರು. ಹೆಂಗಸರಿಗೆ ತಿಂಗಳಿಗೆ ಒಂದೇ ಶನಿವಾರ, ಒಂದೇ ಸಿನಿಮಾ. ಅದು ಯಾವುದು ಎಂದು ನಿರ್ಧಾರವಾಗುತ್ತಿದ್ದದ್ದು ನನ್ನ ರಿಪೋರ್ಟಿನ ಮೇಲೆ.

ನನಗೆ ತಲೆ ತಿರುಗಿದ್ದು ಅಲ್ಲಿಯೇ. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಅವ್ವನಿಗೆ ಅಳು ಬೇಕು. ‘ಎಷ್ಟು ಸಲ ಅಳ್ತಾಳ?’ ಎಂದು ಮೊದಲೇ ಕೇಳುತ್ತಿದ್ದಳು. ಆಯಿಗೆ ದೇವರು ಬೇಕು, ದೇವರಿಲ್ಲದಿದ್ದರೆ ಒಂದು ನಾಗರಹಾವಾದರೂ ಇರಬೇಕು. ಶಾಂತತ್ತಿಗೆ ಸೀರೆ, ಬಳೆ, ಯಾರು ಹೇಗೆ ನಕ್ಕರು, ಹೇಗೆ ನಡೆದರು ಎಂಬುದೆಲ್ಲ ಬೇಕು. ಮೂವರನ್ನೂ ತೃಪ್ತಿಪಡಿಸಿ ಕೊನೆಗೆ ನಾನು ತೀರ್ಪು ಕೊಡುತ್ತಿದ್ದೆ. ‘ಭಾಳ ಛಲೋ’, ‘ನಡೀತೈತಿ’, ‘ಬೇಕಾರ್’ ಈ ಮೂರೇ ದರ್ಜೆ. ಒಮ್ಮೆ ನಾಯಕನಿಗೆ ಹೊಟ್ಟೆ ಬಂದಿದೆ ಎಂಬ ಒಂದೇ ಕಾರಣಕ್ಕೆ ಒಂದು ಸಿನಿಮಾವನ್ನು ಬೇಕಾರ್ ಮಾಡಿದ್ದೆ. ಇನ್ನೊಮ್ಮೆ ಹಾವು ಕಣ್ಣೀರು ಹಾಕುವುದನ್ನು ನೋಡಿ ಭಾಳ ಛಲೋ ಅಂದೆ. ಇವರು ಹೋಗಿ ನೋಡಿ ಬಂದ ಮೇಲೆ, ಹಾವಿಗೆ ಕಣ್ಣಿನ ರೆಪ್ಪೆಯೇ ಇರುವುದಿಲ್ಲ ಎಂದು ಆಯಿ ನನ್ನನ್ನು ವಾರಗಟ್ಟಲೆ ಆಡಿಕೊಂಡಳು. ಆದರೂ ನನ್ನ ಮಾತಿನ ಮೇಲಿನ ಭರವಸೆ ಹೋಗಲಿಲ್ಲ. ನಲ್ಲಿಯ ಹತ್ತಿರ ನೆರೆಯ ಸತ್ಯವತಿ ಆಂಟಿ ಕೂಡ ‘ಪದ್ದಿ ಏಮಂದಿ?’, ಅಂದರೆ ನಾನು ಏನಂದೆ, ಎಂದು ಅವ್ವನನ್ನು ಕೇಳಿಯೇ ಸಿನಿಮಾಕ್ಕೆ ಹೊರಡುತ್ತಿದ್ದರು. ಎಂಟು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಗದ್ದುಗೆ ಬೇಕೆ?

ಶಾಂತತ್ತಿ ಅಪ್ಪನ ತಂಗಿ. ಮದುವೆಯಾದ ಮರುವರ್ಷ ಅವಳಿಗೆ ಸಿಡುಬು ಎದ್ದಿತು. ಜೀವ ಉಳಿಯಿತು, ಮುಖದ ತುಂಬ ಕಲೆ ಉಳಿದವು, ಬಾಯಿಯ ಬಲಗಡೆ ತುಟಿ ಕೊಂಚ ಮೇಲಕ್ಕೆ ಎಳೆದುಕೊಂಡಿತು. ಗಂಡನ ಮನೆಯವರು ನೋಡಲು ಬಂದವರು ಬಾಗಿಲಲ್ಲೇ ನಿಂತು, ನೋಡಿ, ತಿರುಗಿ ಹೋದರಂತೆ. ಮತ್ತೆ ಕರೆಯಲು ಯಾರೂ ಬರಲಿಲ್ಲ. ಅವಳಿಗೆ ಬಂದ ಒಂದು ರೂಢಿ ನನಗೆ ಬುದ್ಧಿ ತಿಳಿದಾಗಿನಿಂದ ಗೊತ್ತು. ಮಾತಾಡುವಾಗ, ನಗುವಾಗ, ಬಾಗಿಲಿಗೆ ಯಾರಾದರೂ ಬಂದಾಗ ಅವಳ ಬಲಗೈ ತಾನಾಗಿ ಸೆರಗಿನ ತುದಿ ಹಿಡಿದು ಬಾಯಿಯ ಮೇಲೆ ಹೋಗುತ್ತಿತ್ತು. ಮನೆಯಲ್ಲಿ ನಾವೇ ಇದ್ದಾಗಲೂ ಹೋಗುತ್ತಿತ್ತು. ಸಿಡುಬು ಬಂದ ಮೇಲೆ ಅವಳ ಪೂರ್ತಿ ನಗುವನ್ನು ಅಪ್ಪನೂ ನೋಡಿದ್ದನೋ ಇಲ್ಲವೋ. ಆದರೆ ಮನೆಯಲ್ಲಿ ನಗಿಸುವವಳೂ ಅವಳೇ, ಹಾಡುವವಳೂ ಅವಳೇ. ಆಚೀಚೆ ಮನೆಯ ಸಣ್ಣ ಮಕ್ಕಳೆಲ್ಲ ಸಂಜೆ ನಮ್ಮ ಹಿತ್ತಲಲ್ಲಿ ಅವಳ ಸುತ್ತ ಕೂತಿರುತ್ತಿದ್ದವು. ಅವಳ ತೆಲುಗು ನನ್ನದಕ್ಕಿಂತ ಶುದ್ಧವಾಗಿತ್ತು, ಕೂತಲ್ಲೇ ಆ ಮಕ್ಕಳಿಂದ ಕಲಿತದ್ದು. ನನಗೆ ತಲೆ ಬಾಚುವವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುವವಳು ಅವಳೇ ಆಗಿದ್ದಳು. ಅವ್ವನಿಗಿಂತ ಅವಳ ಮೇಲೆ ನನಗೆ ಪ್ರೀತಿ ಹೆಚ್ಚು ಎಂದು ಬರೆದರೆ ಅವ್ವ ಈಗ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಕಾಲನಿಗೆ ಶೂಟಿಂಗಿನವರು ಬಂದರು. ಮೊದಲು ವ್ಯಾನು, ಆಮೇಲೆ ದೊಡ್ಡ ದೊಡ್ಡ ಬೆಳ್ಳಿ ಹಾಳೆ ಸುತ್ತಿದ ಹಲಗೆಗಳು, ಆಮೇಲೆ ಊರಿಗೆ ಊರೇ. ಹಾಸ್ಯನಟನೊಬ್ಬ ಸ್ಕೂಟರ್ ಕಲಿಯಲು ಹೋಗಿ ತರಕಾರಿಯ ಬಂಡಿಗೆ ಗುದ್ದಿ ಬೀಳುತ್ತಾನೆ, ಕಾಲನಿಯ ಹೆಂಗಸರು ನಿಂತು ನಗುತ್ತಾರೆ. ಅಷ್ಟೇ ದೃಶ್ಯ. ಅವ್ವ ನನಗೆ ದೀಪಾವಳಿಯ ಹಳದಿ ಫ್ರಾಕು ತೊಡಿಸಿ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿ, ‘ಮುಂದ ನಿಂದರು’ ಎಂದು ಕಳಿಸಿದಳು. ಶಾಂತತ್ತಿ ನನ್ನನ್ನು ಕಾಯಲು ಬಂದವಳು. ಹಿಂದೆ ಕಂಪೌಂಡಿಗೆ ಒರಗಿ ನಿಂತಿದ್ದಳು. ಟೋಪಿ ಹಾಕಿದ ಒಬ್ಬ ಅಸಿಸ್ಟೆಂಟು ಹೆಂಗಸರನ್ನೆಲ್ಲ ನೋಡುತ್ತ ಬಂದು ಅವಳ ಮುಂದೆ ನಿಂತ. ಎತ್ತರದ ಹೆಂಗಸು, ಮೈಮೇಲೆ ಗಿಳಿಹಸಿರು ಇಳಕಲ್ ಸೀರೆ. ‘ಮೀರು ಮುಂದುಕು ರಂಡಮ್ಮಾ’ ಎಂದು ಮುಂದೆ ಕರೆದ. ಇವಳು ಒಲ್ಲೆ ಒಲ್ಲೆ ಎನ್ನುತ್ತಿದ್ದಂತೆ ಎಡಗೈಗೆ ಒಂದು ತರಕಾರಿ ಬುಟ್ಟಿ ಕೊಟ್ಟು, ಮುಂದಿನ ಸಾಲಿನ ನಡುವೆ ನಿಲ್ಲಿಸಿದ. ಮಕ್ಕಳನ್ನೆಲ್ಲ ಆಚೆ ನೆಲದ ಮೇಲೆ ಕೂರಿಸಿದರು. ಹೊಸ ಫ್ರಾಕು ಮಣ್ಣಾಗುತ್ತದೆ, ಮತ್ತೆ ಕೂತರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ ಎಂದು ನಾನು ಅಲ್ಲಿಂದ ಓಡಿ ಬಂದು ಅತ್ತಿಯ ಪಕ್ಕ ನಿಂತುಬಿಟ್ಟೆ. ಯಾರಾದರೂ ಎಳೆದುಕೊಂಡು ಹೋದಾರು ಎಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಕ್ಯಾಮೆರಾ ನಮ್ಮ ಕಡೆ ತಿರುಗಿದಾಗ, ಕಾಣಬೇಕಲ್ಲ, ತುದಿಗಾಲಲ್ಲಿ ನಿಂತೆ, ಆಮೇಲೆ ಜಿಗಿದೆ. ಮೂರು ಸಲ ತೆಗೆದರು. ಮೂರನೆಯದಕ್ಕೆ ಟೋಪಿಯವನು ಅತ್ತಿಗೆ ಕೈಮುಗಿದು ‘ಬಾಗುಂದಮ್ಮಾ’, ಚೆನ್ನಾಗಿ ಬಂತು ಎಂದ.

ಆಮೇಲೆ ಕಾಯುವುದು. ಎಂಟು ತಿಂಗಳು ಮನೆಯಲ್ಲಿ ಅದೇ ಮಾತು. ನಾನು ಶಾಲೆಯಲ್ಲಿ ‘ನಾನು ಸಿನಿಮಾದಲ್ಲಿ ಆಕ್ಟ್ ಮಾಡಿದ್ದೇನೆ’ ಎಂದು ಕ್ಲಾಸಿಗೆಲ್ಲ ಸಾರಿದ್ದೆ. ಶಾಂತತ್ತಿ ಹೊರಗೆ ಏನೂ ಹೇಳುತ್ತಿರಲಿಲ್ಲ. ಆದರೆ ಅದೇ ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಾಲನಿಯಲ್ಲಿ ಸಣ್ಣ ಮಕ್ಕಳಿಗೆ ಒಂದು ಬಾಲವಾಡಿ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದ ಮಾಲತಿ ಟೀಚರು ನಮ್ಮ ಹಿತ್ತಲಿನ ಮಕ್ಕಳ ಗುಂಪನ್ನು ಒಂದು ಸಂಜೆ ನಿಂತು ನೋಡಿದರು. ಮರುದಿನ ಮನೆಗೆ ಬಂದು, ಹಾಡು ಕಥೆ ಕಲಿಸಲು ಶಾಂತತ್ತಿಯೇ ಬೇಕು ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೂಂ ಅಂದ. ಆಯಿ ಕೂಡ ಹೂಂ ಅಂದಳು. ಒಲ್ಲೆ ಅಂದವಳು ಅತ್ತಿಯೇ. ಸೆರಗಿನ ಹಿಂದಿನಿಂದ ಅವಳು ಹೇಳಿದ್ದು ನನಗೆ ಇನ್ನೂ ಕೇಳುತ್ತದೆ.

‘ಹಿತ್ತಲದಾಗಿನ ಹುಡುಗರಿಗೆ ನನ್ನ ಮಾರಿ ರೂಢಿ ಆಗೈತಿ. ಹೊಸ ಹುಡುಗರು ಹೆದರಿಕೊಂಡ್ರ ಏನ್ ಮಾಡೂದ್ರಿ?’

‘ಅದಿ ಕಾದಮ್ಮಾ, ಸಿನಿಮಾವೋಳ್ಳು ಮಿಮ್ಮಲ್ನೇ ಕದಾ ಮುಂದು ನಿಲಬೆಟ್ಟಾರು?’ ಎಂದರು ಮಾಲತಿ ಟೀಚರು. ಸಿನಿಮಾದವರೇ ಮುಂದೆ ನಿಲ್ಲಿಸಿದ ಮೇಲೆ ಇನ್ನೇನು ಎಂದು ಅವರ ವಾದ.

ಅತ್ತಿ ಸೆರಗನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. ಆಮೇಲೆ, ‘ಪಿಚ್ಚರ್ ಬರಲಿರಿ. ಅಷ್ಟು ದೊಡ್ಡ ಪರದೆದ ಮ್ಯಾಲ ನನ್ನ ಮಾರಿ ಮಂದಿ ನೋಡಿ ಸುಮ್ನಿದ್ರ, ನಾ ಬರ್ತೀನಿ’ ಎಂದಳು. ಮಾಲತಿ ಟೀಚರು ನಕ್ಕು ಒಪ್ಪಿದರು. ಈ ಮಾತು ಆದಾಗ ನಾನು ಅಲ್ಲಿಯೇ ಇದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೇ ನನಗಿಲ್ಲ.

ಸಿನಿಮಾ ಬಂದ ಮೊದಲ ಭಾನುವಾರ ಅಪ್ಪ, ನಾನು ಹೊರಟೆವು. ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಅವ್ವ ಅಂದರೂ ಅತ್ತಿ ಕೇಳಲಿಲ್ಲ. ‘ಮೊದಲ ಪದ್ದಿ ನೋಡಿ ಬರಲಿ, ರಿಪೋರ್ಟ್ ಹೇಳಲಿ’ ಎಂದಳು. ಮಂದಿಯ ನಡುವೆ ಕೂತು ತನ್ನ ಮುಖವನ್ನು ತಾನು ಮೊದಲ ಸಲ ನೋಡುವ ಧೈರ್ಯ ಅವಳಿಗೆ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಥಿಯೇಟರಿನಲ್ಲಿ ಅಪ್ಪ ಎಂದಿನಂತೆ ಮಲಗಿದ. ಎಚ್ಚರ ಇರಬೇಕೆಂದು ಆ ದಿನ ಅವನು ಎರಡು ಕಪ್ ಚಹಾ ಕುಡಿದು ಬಂದಿದ್ದ, ಪಾಪ, ಚಹಾ ಸೋತಿತು. ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ನಮ್ಮ ಕಾಲನಿಯ ರಸ್ತೆ ಬಂತು. ನಾನು ಸೀಟಿನ ಅಂಚಿಗೆ ಸರಿದು ಕೂತೆ. ಸ್ಕೂಟರ್ ಬಂತು, ಬಂಡಿಗೆ ಗುದ್ದಿತು, ಬದನೆಕಾಯಿ ಉರುಳಿದವು. ತಕ್ಷಣ ತೆರೆಯ ತುಂಬ ಶಾಂತತ್ತಿ. ಎದೆಯಿಂದ ಮೇಲೆ ಅವಳೇ, ಗಿಳಿಹಸಿರು ಸೆರಗು, ಕಲೆ, ಎಳೆದುಕೊಂಡ ತುಟಿ ಎಲ್ಲದರ ಸಮೇತ. ಬಾಯಿ ತುಂಬ ನಗುತ್ತಿದ್ದಳು. ಕಣ್ಣೂ ನಗುತ್ತಿದ್ದವು. ಥಿಯೇಟರಿನಲ್ಲಿ ಯಾರೂ ಹೆದರಲಿಲ್ಲ. ಅವಳು ನಗುವುದನ್ನು ನೋಡಿ ಹಿಂದಿನ ಸಾಲಿನವರೂ ನಕ್ಕರು. ನಾಲ್ಕು ಎಣಿಸುವಷ್ಟು ಹೊತ್ತು ಇದ್ದಿರಬೇಕು. ಆಮೇಲೆ ಕಾಲನಿ ಹೋಯಿತು, ಹಾಡು ಬಂತು. ನಾನು ಎಲ್ಲೂ ಇರಲಿಲ್ಲ. ನೆಲದ ಮೇಲೆ ಕೂತ ಮಕ್ಕಳು ಕೂಡ ಒಂದು ಮೂಲೆಯಲ್ಲಿ ಕಂಡರು. ಹಳದಿ ಫ್ರಾಕಿನ ತುಣುಕೂ ಕಾಣಲಿಲ್ಲ.

ಮುಂದಿನ ಸಿನಿಮಾ ನನಗೆ ಕಾಣಲೇ ಇಲ್ಲ. ಸಿಟ್ಟು ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಸಿಕ್ಕವಳ ಮೇಲೆ ತಿರುಗಿತು. ನನ್ನನ್ನು ಕಾಯಲು ಬಂದವಳು ಒಬ್ಬಳೇ ನಿಂತು ನಗುತ್ತಿದ್ದಾಳೆ, ನಾನಿಲ್ಲದೆ, ನನ್ನ ನೆನಪೇ ಇಲ್ಲದೆ. ನಾಳೆ ಶಾಲೆಯಲ್ಲಿ ಏನು ಹೇಳಲಿ? ಇವರೆಲ್ಲ ಶನಿವಾರ ನೋಡಿ ಬಂದರೆ ಮನೆಯಲ್ಲಿ ಅವಳದೇ ಮೆರವಣಿಗೆ, ‘ನೀ ಎಲ್ಲಿದ್ದಿಯೇ?’ ಎಂದು ನನ್ನನ್ನು ಆಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಅಪ್ಪ ಕಣ್ಣುಜ್ಜುತ್ತ ‘ಬಂದಿದ್ಳೇನು ಶಾಂತಿ?’ ಎಂದು ಕೇಳಿದ. ‘ಇಲ್ಲ’ ಎಂದೆ. ಅಷ್ಟು ಸುಲಭವಾಗಿ ಬಂತು ಅದು.

ಮನೆಯ ಬಾಗಿಲಲ್ಲಿ ಮೂವರೂ ನಿಂತಿದ್ದರು. ಆ ದಿನ ಅತ್ತಿ ಸಜ್ಜಕ ಮಾಡಿದ್ದಳು, ಏಲಕ್ಕಿಯ ವಾಸನೆ ರಸ್ತೆಗೆ ಬರುತ್ತಿತ್ತು. ನಾನು ಕೈಕಾಲು ತೊಳೆದು ಮಣೆಯ ಮೇಲೆ ಕೂತೆ. ಯಾರೂ ರೊಟ್ಟಿ ಬಡಿಯಲಿಲ್ಲ, ಬೆಳ್ಳುಳ್ಳಿ ಸುಲಿಯಲಿಲ್ಲ.

‘ಬೇಕಾರ್ ಪಿಚ್ಚರ್’ ಎಂದೆ. ‘ಹಾಡು ಛಲೋ ಇಲ್ಲ. ಹೀರೋಯಿನ್ ಮೂಗು ಹಿಂಗೈತಿ.’

‘ಅದು ಇರಲಿ’ ಎಂದಳು ಅವ್ವ. ‘ನಮ್ಮ ಕಾಲನಿ?’

‘ಸ್ಕೂಟರ್ ಬೀಳೂದು ಐತಿ. ಮಂದಿ ನಗೂದು ಕಟ್ ಮಾಡ್ಯಾರ.’

‘ಎಲ್ಲಾರ್ದೂ?’ ಎಂದಳು ಆಯಿ.

ಇಲ್ಲಿ ನಾನು ಹೂಂ ಅನ್ನಬಹುದಿತ್ತು. ಎಲ್ಲರದೂ ಕಟ್ ಆಗಿದ್ದರೆ ಅವಳಿಗೆ ಅಷ್ಟು ತಾಗುತ್ತಿರಲಿಲ್ಲ. ಆದರೆ ಸುಳ್ಳಿಗೂ ಸ್ವಲ್ಪ ಸತ್ಯ ಸೇರಿಸಿದರೆ ನಂಬುತ್ತಾರೆ ಎಂದು ರಿಪೋರ್ಟು ಹೇಳಿ ಹೇಳಿ ನನಗೆ ಗೊತ್ತಾಗಿತ್ತು. ‘ಹುಡುಗರು ಕಾಣ್ತಾರ. ಅತ್ತೀನ ಕಟ್ ಮಾಡ್ಯಾರ. ನಾ ಅಕೀ ಬಾಜೂಕ ಇದ್ನೆಲ್ಲ, ಅದಕ್ಕ ನನ್ನೂ ಕಟ್ ಮಾಡ್ಯಾರ’ ಎಂದೆ. ಹೀಗೆ, ನಾನು ಕಾಣದೇ ಇದ್ದದ್ದಕ್ಕೂ ಅವಳೇ ಕಾರಣವಾದಳು.

ಅತ್ತಿಯ ಬಲಗೈ ಸೆರಗು ಹಿಡಿದು ಬಾಯಿಗೆ ಹೋಯಿತು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ನನ್ನ ತಟ್ಟೆಗೆ ಸಜ್ಜಕ ಹಾಕಿ, ಮೇಲೆ ತುಪ್ಪ ಬಿಟ್ಟು, ‘ಅವರರೆ ಏನ್ ಮಾಡ್ಯಾರು? ಎಲ್ಲಾ ಕಡೆ ಈ ಮಾರಿ ತೋರಸಾಕ ಆಗತೈತೇನು? ನನ್ನ ಸಲುವಾಗಿ ಕೂಸಿಂದೂ ಹೋತು’ ಎಂದಳು. ನಾನು ಸಜ್ಜಕ ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ. ಅದನ್ನು ನೆನೆದರೆ ನನಗೆ ಇಂದಿಗೂ ನನ್ನ ಮೇಲೆ ಹೇಸಿಕೆ ಬರುತ್ತದೆ.

ಆ ಸಿನಿಮಾ ಎರಡು ವಾರ ಓಡಿತು, ನಾನು ಬೇಕಾರ್ ಅಂದ ಮೇಲೆ ಮನೆಯ ಹೆಂಗಸರು ಯಾರೂ ಹೋಗಲಿಲ್ಲ. ನಿಜ ಹೇಳಲು ಹತ್ತು ದಿನಕ್ಕೂ ಹೆಚ್ಚು ನನ್ನ ಕೈಯಲ್ಲಿದ್ದವು. ಎರಡನೇ ವಾರದಲ್ಲಿ ಸತ್ಯವತಿ ಆಂಟಿ ಯಾರನ್ನೂ ಕೇಳದೆ ಹೋಗಿ ನೋಡಿ ಬಂದರು. ಮರುದಿನ ನಲ್ಲಿಯ ಹತ್ತಿರ ಕೊಡ ಇಟ್ಟವರೇ ಕೂಗಿದರು.

‘ಶಾಂತಮ್ಮಾ! ಮಿಮ್ಮಲ್ನಿ ಚೂಶಾನು ಸಿನಿಮಾಲೋ! ಎಂತ ಬಾಗಾ ನವ್ವಾರೋ!’

ನಿಮ್ಮನ್ನು ಸಿನಿಮಾದಲ್ಲಿ ನೋಡಿದೆ, ಎಷ್ಟು ಚೆನ್ನಾಗಿ ನಕ್ಕಿದ್ದೀರಿ ಎಂದು ಅವರು ಹೇಳುತ್ತಿದ್ದರೆ ಅತ್ತಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಆಸೆ ಇತ್ತು. ನನ್ನ ಬಾಯಿಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ನಾನು ತಲೆ ಅಲ್ಲಾಡಿಸಿದೆ. ‘ಅದಿ ವೇರೇ ಎವರೋ ಆಂಟಿ, ಮಾ ಅತ್ತ ಕಾದು’, ಅದು ಬೇರೆ ಯಾರೋ, ನಮ್ಮ ಅತ್ತಿ ಅಲ್ಲ ಎಂದೆ. ಸತ್ಯವತಿ ಆಂಟಿ ತಬ್ಬಿಬ್ಬಾಗಿ, ಇರಬಹುದೇನೋ, ನಾನು ಹಿಂದೆ ಕೂತಿದ್ದೆ ಎಂದು ಗೊಣಗಿದರು. ಅತ್ತಿ ಅವರಿಗೇ ಸಮಾಧಾನ ಹೇಳಿದಳು. ನಮ್ಮ ಪದ್ದಿ ಕಣ್ಣಾರೆ ನೋಡಿ ಬಂದಿದ್ದಾಳೆ, ಅವಳು ಎಂದೂ ತಪ್ಪುವುದಿಲ್ಲ ಎಂದಳು. ಹಾವು ಅತ್ತಿತು ಎಂದ ಮೇಲೂ ನನ್ನನ್ನು ನಂಬಿದ ಮನೆ ನಮ್ಮದು. ಮುಂದಿನ ಶುಕ್ರವಾರ ಬಸ್ ಸ್ಟಾಪಿನ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದರು. ಅದನ್ನು ನೋಡಿ ನನಗೆ ಹಗುರ ಅನ್ನಿಸಿದ್ದು ನಿಜ.

ಮಾಲತಿ ಟೀಚರು ಮತ್ತೆ ಬಂದರು. ಅತ್ತಿ ಒಳಗಿನಿಂದಲೇ ಬೇಡ ಎಂದು ಹೇಳಿ ಕಳಿಸಿದಳು. ಇನ್ನೊಮ್ಮೆ ಬಂದಾಗ ಹೊರಗೇ ಬರಲಿಲ್ಲ. ಸ್ವಲ್ಪ ದಿನಕ್ಕೆ ಹಿತ್ತಲಿನ ಮಕ್ಕಳೂ ಬಾಲವಾಡಿಗೆ ಹೋಗತೊಡಗಿ ಸಂಜೆಯ ಗುಂಪು ಕರಗಿತು. ಅವಳು ಅಡುಗೆಮನೆಯಲ್ಲಿ ಉಳಿದಳು. ಆಯಿಯನ್ನು ಕೊನೆಯವರೆಗೆ ನೋಡಿಕೊಂಡಳು, ನನ್ನ ಎರಡು ಬಾಣಂತನ ಮಾಡಿದಳು. ನನ್ನ ಮದುವೆಯ ಗ್ರೂಪ್ ಫೋಟೋದಲ್ಲಿ ಕೊನೆಯ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ನಾನು ರಿಪೋರ್ಟು ಹೇಳುವುದನ್ನು ಒಂದು ವರ್ಷದಲ್ಲೇ ನಿಲ್ಲಿಸಿದೆ, ಓದು ಹೆಚ್ಚಾಯಿತು ಎಂದು ನೆಪ ಹೇಳಿದೆ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವಳ ಮುಂದೆ ಕೂತಿದ್ದೇನೆ. ಪ್ರತಿ ಸಲವೂ ಅವಳು ಏನಾದರೂ ತಿನ್ನಲು ಕೊಟ್ಟಳು, ನಾನು ತಿಂದು ಎದ್ದು ಬಂದೆ.

ವರ್ಷಗಳು ಕಳೆದು, ನನ್ನ ತಲೆಯೂ ನೆರೆತ ಮೇಲೆ, ಒಂದು ಭಾನುವಾರ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಸಿನಿಮಾಗಳ ಸಿ.ಡಿ. ರಾಶಿಯಲ್ಲಿ ಆ ಹೆಸರು ಕಂಡಿತು. ಮನೆಗೆ ತಂದು ಹಾಕಿ ನೋಡಿದೆ. ಬಣ್ಣವೆಲ್ಲ ಹೋಗಿ ಇಡೀ ಸಿನಿಮಾ ಕೆಂಪಗಾಗಿತ್ತು, ಆದರೆ ಶಾಂತತ್ತಿ ಇದ್ದಳು. ಮರುದಿನವೇ ಮೆಹದಿಪಟ್ಟಣಂಗೆ ಹೋದೆ. ಅಲ್ಲಿ, ಆಮೇಲೆ ಹುಟ್ಟಿದ ನನ್ನ ತಮ್ಮನ ಸಂಸಾರದ ಜೊತೆ ಅವಳಿದ್ದಳು. ತಮ್ಮ, ಅವನ ಹೆಂಡತಿ ಕೆಲಸಕ್ಕೆ ಹೋಗಿದ್ದರು, ಮಧ್ಯಾಹ್ನ ಅವಳೊಬ್ಬಳೇ. ಒಂದೇ ಸಂಕಟವೆಂದರೆ, ಆ ಹೊತ್ತಿಗೆ ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿತ್ತು. ಬೆಳಕು, ನೆರಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. ನನಗೆ ಇದು ಗೊತ್ತಿದ್ದೇ ಹೋದದ್ದು. ಟಿ.ವಿ. ಹಾಕುವ ಮೊದಲು ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ, ಎರಡನೇ ಸಲ ಹಾಕಿಸಿಕೊಂಡ ಸಜ್ಜಕದ ತನಕ.

ನಾನು ಮಾಡಿ ತಂದ ಚಹಾ ಅವಳ ಕೈಯಲ್ಲೇ ಆರಿತು.

‘ನಾ ಇದ್ನಿ?’ ಎಂದಳು ಕೊನೆಗೆ.

‘ಇದ್ದಿ. ಪರದೆ ತುಂಬ.’

‘ಮಂದಿ?’

‘ಮಂದಿ ನಕ್ರು. ನೀ ನಕ್ಕಿದ್ದು ನೋಡಿ ನಕ್ರು. ಯಾರೂ ಹೆದರ್ಲಿಲ್ಲ ಅತ್ತಿ.’

‘ಮಾಲತಿ ಟೀಚರು ಎರಡು ಸಲ ಬಂದಿದ್ರು’ ಎಂದಳು. ಅಷ್ಟೇ ಅಂದದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವಳ ಮಂಡಿಯ ಮೇಲೆ ತಲೆ ಇಟ್ಟು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಡಲಿಲ್ಲ. ಚಹಾದ ಕಪ್ಪನ್ನು ತಡವರಿಸಿ ಪಕ್ಕದಲ್ಲಿಟ್ಟು, ‘ಹಾಕು’ ಎಂದಳು. ‘ಹಾಕಿ ರಿಪೋರ್ಟ್ ಹೇಳು. ಬರಾಬರ್ ಹೇಳು.’

ಹಾಕಿದೆ. ಸ್ಕೂಟರಿನ ಸದ್ದು ಬಂತು, ಬಂಡಿ ಬಿತ್ತು. ಅವಳು ಬಂದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿದೆ. ಅವಳ ಮುಖ ಟಿ.ವಿ.ಯಲ್ಲಿ ಸಣ್ಣಗೆ ನಡುಗುತ್ತ ನಿಂತಿತು. ನಾನು ಹೇಳತೊಡಗಿದೆ.

‘ಸೀರಿ ಕೆಂಪ ಕಾಣ್ತೈತಿ, ಪಿಚ್ಚರೇ ಕೆಂಪಾಗೈತಿ.’

‘ಗಿಳಿಹಸಿರು ಅದು.’

‘ಹೌದು. ಎಡಗಡೆ ಬುಟ್ಟಿದು ಹಿಡಿಕಿ ಕಾಣ್ತೈತಿ. ಕಲಿ ಕಾಣ್ತಾವ. ತುಟಿ ಹಂಗ ಐತಿ. ನೀ ಬಾಯಿ ತುಂಬ ನಗಾಕತ್ತಿ, ಸೆರಗು ಬಾಯಿಮ್ಯಾಲ ಇಲ್ಲ. ಭಾಳ ಚಂದ ಕಾಣ್ತಿ.’

‘ಚಂದ ಅದು ಇದು ನೀ ಹೇಳಬ್ಯಾಡ. ಕಂಡಿದ್ದಷ್ಟ ಹೇಳು. ಎಲ್ಲಿ ನೋಡಾಕತ್ತೀನಿ?’

ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಟಿ.ವಿ.ಯ ಹತ್ತಿರ ಸರಿದು ನೋಡಿದೆ. ಅವಳ ಹಿಂದೆ ಮಸುಕಾಗಿ ಕಂಡವರೆಲ್ಲ ಬಿದ್ದ ಸ್ಕೂಟರಿನ ಕಡೆ ನೋಡುತ್ತಿದ್ದರು. ಅವಳೊಬ್ಬಳು ನೋಡುತ್ತಿರಲಿಲ್ಲ. ‘ಕೆಳಗ ನೋಡಾಕತ್ತಿ’ ಎಂದೆ. ‘ಬಲಗಡೆ, ಕೆಳಗ.’

‘ಬಲಗೈ ಎಲ್ಲೈತಿ?’

‘ಕಾಣೂದಿಲ್ಲ. ಭುಜ ಕಾಣ್ತೈತಿ, ಅದೂ ಕೆಳಗ ಜಗ್ಗೇತಿ. ಕೈ ಪಿಚ್ಚರಿನ ಹೊರಗ ಹೋಗೇತಿ.’

ಅತ್ತಿಯ ಬಲಗೈ ಸೆರಗಿನ ತುದಿ ಹಿಡಿದು ಬಾಯಿಯ ಕಡೆ ಹೊರಟದ್ದು ಅರ್ಧದಲ್ಲೇ ನಿಂತಿತು.

‘ಆ ಕೈ ನಿನ್ನ ಹತ್ರ ಇತ್ತಲ್ಲೇ’ ಎಂದಳು. ‘ಹಳದಿ ಫ್ರಾಕು ಹಾಕ್ಕೊಂಡು ಜಿಗಿದದ್ದ ಜಿಗಿದದ್ದು. ಅದಕ್ಕ ನಗು ತಡೀಲಿಲ್ಲ. ಮಾರಿ ಮುಚ್ಕೊಬೇಕಂದ್ರ ನೀ ಕೈ ಬಿಡವಲ್ಲಿ.’

ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಅವಳು ಗಾಳಿಯಲ್ಲಿ ಕೈ ಚಾಚಿ ನನ್ನನ್ನು ಹುಡುಕಿದಳು. ಸಿಕ್ಕಿದ ಮೇಲೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

‘ಮತ್ತ ಹಾಕು’ ಎಂದಳು. ‘ಈ ಸಲ ನೀ ಎಲ್ಲಿ ನಿಂತೀದಿ, ಅದನ್ನೂ ಸೇರಿಸಿ ಹೇಳು.’